ಹಾಸ್ಟೆಲ್ಲಿಗೆ ಜೊತೆಯಲ್ಲೇ ಬಂದ ಬಾಲ್ಯ



ಹಾಸ್ಟೆಲ್ಲಿನ ಊಟದ ಮನೆ, ರಾತ್ರಿ ಎಂಟೂವರೆಯ ಹೊತ್ತು. ಡಿಗ್ರಿ ಮೊದಲನೇ ವರ್ಷದ ಹುಡುಗನೊಬ್ಬ ಕಥೆ ಹೇಳುತ್ತಿದ್ದಾನೆ. ಅವರಪ್ಪ ಕುಡಿದು ಬಂದು ಬೆಲ್ಟ್ ಬಿಚ್ಚಿಕೊಂಡು ಮನೆಯೆಲ್ಲ ಅಟ್ಟಾಡಿಸಿದ ಕಥೆ. ಅಪ್ಪನ ತೊದಲು ಮಾತು, ತೂರಾಟದ ನಡಿಗೆ, ತಾನು ಕೊಟ್ಟಿಗೆಯ ಹುಲ್ಲಿನ ಹಿಂದೆ ಅಡಗಿದಾಗ ಬಂದ ಸೀನು, ಎಲ್ಲವನ್ನೂ ಅಭಿನಯಿಸಿ ತೋರಿಸುತ್ತಾನೆ. ತಟ್ಟೆ ಮುಂದಿಟ್ಟುಕೊಂಡವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ, ಇನ್ನೊಂದು ಸಲ ಹೇಳೋ ಅನ್ನುತ್ತಾರೆ. ಅವನು ಮತ್ತೆ ಹೇಳುತ್ತಾನೆ. ಆಗ ನಿನಗೆಷ್ಟು ವಯಸ್ಸು ಅಂತ ಯಾರೂ ಕೇಳುವುದಿಲ್ಲ. ಕೇಳಿದ್ದರೆ ಎಂಟು ವರ್ಷ ಎಂಬ ಉತ್ತರ ಬರುತ್ತಿತ್ತು, ಆಮೇಲೆ ಯಾರಿಗೂ ನಗಲು ಆಗುತ್ತಿರಲಿಲ್ಲ.

ಈ ಹುಡುಗ ಒಬ್ಬನೇ ಒಬ್ಬ ಅಲ್ಲ. ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಹೇಳುತ್ತಾ ನಾನು ಕಂಡ ಹಲವರನ್ನು, ಯಾರ ಗುರುತೂ ಸಿಗದ ಹಾಗೆ, ಒಬ್ಬನಲ್ಲಿ ಸೇರಿಸಿ ಹೇಳಿದ್ದೇನೆ. ಮುಂದೆ ಬರುವ ಹುಡುಗ ಹುಡುಗಿಯರೂ ಹಾಗೆಯೇ. ಬಾಲ್ಯದಲ್ಲಿ ತಿಂದ ಏಟು, ಕಂಡ ಜಗಳ, ಯಾರಿಗೂ ಹೇಳಲಾಗದ ಸ್ಪರ್ಶ, ಹೆತ್ತವರ ಸಾವು ಅಥವಾ ಬಿಟ್ಟುಹೋಗುವಿಕೆ, ಇವುಗಳ ನೋವಿನಿಂದ ಮನಸ್ಸು ತನ್ನನ್ನು ಕಾಪಾಡಿಕೊಳ್ಳಲು ಹೂಡುವ ಉಪಾಯಗಳಿಗೆ ನಮ್ಮ ಪಠ್ಯಪುಸ್ತಕಗಳಲ್ಲಿ ರಕ್ಷಣಾ ತಂತ್ರಗಳು ಎಂಬ ಹೆಸರಿದೆ. ಪರೀಕ್ಷೆಯಲ್ಲಿ ಐದು ಅಂಕಕ್ಕೆ ಪ್ರಶ್ನೆ ಬರುತ್ತದೆ, ವಿದ್ಯಾರ್ಥಿಗಳು ದಮನ, ನಿರಾಕರಣೆ, ಪ್ರಕ್ಷೇಪಣೆ ಎಂದು ಉರು ಹೊಡೆದು ಬರೆಯುತ್ತಾರೆ. ಬರೆಯುವ ಕೈಗೇ ಅವು ಎಷ್ಟು ಹತ್ತಿರದ ಸಂಗತಿ ಎಂಬುದು ಉತ್ತರಪತ್ರಿಕೆಯಲ್ಲಿ ಕಾಣುವುದಿಲ್ಲ.

ಮನಸ್ಸು ಹೀಗೆ ತನ್ನನ್ನು ತಾನೇ ರಕ್ಷಿಸಿಕೊಳ್ಳುತ್ತದೆ ಎಂಬ ವಿಚಾರವನ್ನು ಸಿಗ್ಮಂಡ್ ಫ್ರಾಯ್ಡ್ 1894ರಲ್ಲೇ ಬರೆದಿದ್ದ. ಅದನ್ನು ಬಿಡಿಸಿ, ವಿಂಗಡಿಸಿ, ಮಕ್ಕಳ ಬದುಕಿಗೆ ಹತ್ತಿರ ತಂದವಳು ಅವನ ಮಗಳು ಆನಾ ಫ್ರಾಯ್ಡ್. 1936ರಲ್ಲಿ ವಿಯೆನ್ನಾದಲ್ಲಿ ಪ್ರಕಟವಾದ ಅವಳ ಪುಸ್ತಕದಲ್ಲಿ ಒಂದು ಪ್ರಸಂಗವಿದೆ. ಶಾಲೆಯ ಹುಡುಗನೊಬ್ಬ, ಮೇಷ್ಟ್ರು ಗದರಿದಾಗಲೆಲ್ಲ ಮುಖ ಸೊಟ್ಟ ಮಾಡುತ್ತಿದ್ದ. ಇಡೀ ತರಗತಿ ನಗುತ್ತಿತ್ತು. ಹುಡುಗನಿಗೆ ಕೊಬ್ಬೋ ಕಾಯಿಲೆಯೋ ತಿಳಿಯದೆ ಮೇಷ್ಟ್ರು ಅವನನ್ನು ಆಗಸ್ಟ್ ಐಕ್‌ಹಾರ್ನ್ ಎಂಬ ತಜ್ಞರ ಬಳಿ ಕರೆದುಕೊಂಡು ಹೋದರು. ಐಕ್‌ಹಾರ್ನ್ ಇಬ್ಬರನ್ನೂ ಎದುರು ಕೂರಿಸಿಕೊಂಡು ನೋಡಿದರು. ಹುಡುಗನ ಮುಖದಲ್ಲಿ ಮೂಡುತ್ತಿದ್ದುದು ಮೇಷ್ಟ್ರ ಸಿಟ್ಟಿನ ಮುಖವೇ! ಯಾರನ್ನು ಕಂಡು ಭಯವೋ ಅವರೇ ತಾನಾಗಿಬಿಟ್ಟರೆ ಭಯ ಸ್ವಲ್ಪ ತಗ್ಗುತ್ತದೆ. ಅದೇ ಪುಸ್ತಕದಲ್ಲಿ ಕತ್ತಲಿನ ಹಜಾರ ದಾಟಲು ಹೆದರುತ್ತಿದ್ದ ಪುಟ್ಟ ಹುಡುಗಿಯೂ ಇದ್ದಾಳೆ. ಎದುರಾಗಬಹುದಾದ ದೆವ್ವವೇ ತಾನು ಎಂದುಕೊಂಡು ಚಿತ್ರವಿಚಿತ್ರ ಹಾವಭಾವ ಮಾಡುತ್ತಾ ಹಜಾರ ದಾಟುವುದನ್ನು ಅವಳು ಕಲಿತಳು, ತಮ್ಮನಿಗೂ ಅದೇ ಉಪಾಯ ಹೇಳಿಕೊಟ್ಟಳು.

ನಾನು ಈ ಎರಡು ಪ್ರಸಂಗಗಳನ್ನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇನೆ. ಏಕೆಂದರೆ ರಕ್ಷಣಾ ತಂತ್ರ ಎಂದರೆ ಕಪಟವಲ್ಲ, ನಾಟಕವಲ್ಲ, ಮಗುವೊಂದು ಯಾರ ಸಹಾಯವೂ ಇಲ್ಲದೆ ತಾನೇ ಕಂಡುಕೊಂಡ ದಾರಿ ಎಂಬುದು ಅಲ್ಲಿ ಸ್ಪಷ್ಟವಾಗುತ್ತದೆ. ದೊಡ್ಡವರಿಗೆ ಕಷ್ಟ ಬಂದರೆ ಮನೆ ಬಿಡಬಹುದು, ಕೆಲಸ ಬಿಡಬಹುದು, ಪೊಲೀಸರ ಹತ್ತಿರ ಹೋಗಬಹುದು. ಎಂಟು ವರ್ಷದ ಮಗು ಎಲ್ಲಿಗೆ ಹೋಗಬೇಕು? ಹೊಡೆಯುವ ಕೈಯೇ ಅನ್ನ ಹಾಕುವ ಕೈ. ಆ ಕೈ ಕೆಟ್ಟದ್ದು ಅಂದುಕೊಂಡರೆ ಬದುಕುವುದೇ ಕಷ್ಟ. ಆದ್ದರಿಂದ ಮಗು ಹೊರಗಿನದನ್ನು ಬದಲಾಯಿಸಲಾಗದೆ ಒಳಗಿನದನ್ನು ಬದಲಾಯಿಸಿಕೊಳ್ಳುತ್ತದೆ. ಅಪ್ಪ ಒಳ್ಳೆಯವರೇ, ನಾನೇ ಕೆಟ್ಟವನು. ಅಥವಾ, ನೋವೇ ಆಗಲಿಲ್ಲ. ಅಥವಾ, ಅದು ನಡೆದದ್ದು ನನಗಲ್ಲ, ದೂರದಲ್ಲಿ ಇನ್ಯಾರಿಗೋ.

ಎರಡನೇ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಆನಾ ಫ್ರಾಯ್ಡ್ ಮತ್ತು ಅವಳ ಸಹೋದ್ಯೋಗಿ ಡೊರೊತಿ ಬರ್ಲಿಂಗ್‌ಹ್ಯಾಮ್ ಮಕ್ಕಳ ಆರೈಕೆ ಕೇಂದ್ರಗಳನ್ನು ನಡೆಸಿದರು. ಮನೆಯ ಮೇಲೆ ಬಾಂಬು ಬೀಳುವುದಕ್ಕಿಂತ ತಾಯಿಯಿಂದ ಅಗಲುವುದು ಮಕ್ಕಳನ್ನು ಹೆಚ್ಚು ಕಂಗೆಡಿಸುತ್ತದೆ ಎಂದು ಅವರು ಅಲ್ಲಿ ಕಂಡುಕೊಂಡರು. ಆಪತ್ತಿನಲ್ಲಿ ಪಕ್ಕದಲ್ಲಿ ಯಾರಿದ್ದರು ಎಂಬುದು ಅಷ್ಟು ಮುಖ್ಯ. ಆಪತ್ತೇ ಪಕ್ಕದಲ್ಲಿರಬೇಕಾದವರಿಂದ ಬಂದಾಗ ಆ ಮಗುವಿಗೆ ತನ್ನ ಮನಸ್ಸಲ್ಲದೆ ಬೇರೆ ಆಸರೆಯಿಲ್ಲ.

ಇದು ಎಲ್ಲೋ ನಾಲ್ಕಾರು ಮನೆಗಳ ಮಾತು ಎಂದು ನಾವು ಸಮಾಧಾನ ಮಾಡಿಕೊಳ್ಳುವಂತಿಲ್ಲ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿದ ಅಧ್ಯಯನ ಅದು. ಮೂವರಲ್ಲಿ ಇಬ್ಬರು ಮಕ್ಕಳು ದೈಹಿಕ ಹಿಂಸೆ ಅನುಭವಿಸಿದ್ದರು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳ ಆಗಿದೆ ಎಂದು ಹೇಳಿದ್ದರು. ಆಗ ಐದು ವರ್ಷದಿಂದ ಹದಿನೆಂಟರವರೆಗಿನ ವಯಸ್ಸಿನಲ್ಲಿದ್ದ ಆ ಪೀಳಿಗೆ ಆಮೇಲೆ ನಮ್ಮ ಕಾಲೇಜುಗಳನ್ನು ಹಾದುಹೋಗಿದೆ. ನಾವು ಹಾಜರಿ ಕರೆದಿದ್ದೇವೆ, ಅಂಕ ಕೊಟ್ಟಿದ್ದೇವೆ.

ಕಾಲೇಜಿಗೆ ಬಂದ ಮೇಲೆಯೇ ಇದೆಲ್ಲ ಯಾಕೆ ಮೇಲೇಳುತ್ತದೆ ಎಂದು ತಂದೆತಾಯಂದಿರು ಕೇಳುತ್ತಾರೆ. ಮನೆಯಲ್ಲಿದ್ದಾಗ ಚೆನ್ನಾಗಿದ್ದ, ಪಿಯುಸಿಯಲ್ಲಿ ಒಳ್ಳೆಯ ಮಾರ್ಕ್ಸು ಬಂದಿತ್ತು, ಹಾಸ್ಟೆಲ್ಲಿಗೆ ಹಾಕಿದ ಮೇಲೆ ಹೀಗಾದ ಅನ್ನುತ್ತಾರೆ. ಮನೆಯಲ್ಲಿದ್ದಾಗ ಅವನಿಗೆ ಕುಸಿಯಲು ಪುರುಸೊತ್ತಿರಲಿಲ್ಲ. ಅಪ್ಪನ ಬೈಕಿನ ಸದ್ದು, ಗೇಟಿನ ಚಿಲಕದ ಸದ್ದು, ಅಮ್ಮನ ಮುಖ, ಇವನ್ನೆಲ್ಲ ದಿನಾ ಗಮನಿಸುತ್ತಾ ಎಚ್ಚರವಾಗಿರಬೇಕಿತ್ತು. ಮೊದಲ ಸಲ ಸುರಕ್ಷಿತ ಅಂತರಕ್ಕೆ ಬಂದಾಗ ಒತ್ತಿಟ್ಟಿದ್ದು ಏಳುತ್ತದೆ. ಜೊತೆಗೆ ಅದೇ ವಯಸ್ಸಿನಲ್ಲಿ ಸ್ನೇಹ, ಪ್ರೀತಿ, ಒಂದೇ ಕೋಣೆಯಲ್ಲಿ ಅಪರಿಚಿತರ ಜೊತೆ ಮಲಗುವ ಅನಿವಾರ್ಯ, ಇವು ಒಟ್ಟಿಗೆ ಬರುತ್ತವೆ. ಆವೇಗವನ್ನು ಹಿಡಿದಿಡುವ ಮಿದುಳಿನ ಮುಂಭಾಗ ಇಪ್ಪತ್ತರ ನಡುವಿನವರೆಗೂ ಬೆಳೆಯುತ್ತಲೇ ಇರುತ್ತದೆ ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಿ.

ವೈವಾ ಪರೀಕ್ಷೆಯ ಕೋಣೆಗೆ ಬನ್ನಿ. ಹುಡುಗಿ ಓದಿಕೊಂಡು ಬಂದಿದ್ದಾಳೆ. ಮೊದಲ ಎರಡು ಪ್ರಶ್ನೆಗಳಿಗೆ ಸರಿಯಾಗಿಯೇ ಉತ್ತರ ಕೊಟ್ಟಳು. ಮೂರನೆಯದಕ್ಕೆ ತಡವರಿಸಿದಳು, ಪರೀಕ್ಷಕರು ದನಿ ಎತ್ತರಿಸಿ ಮೇಜು ಕುಟ್ಟಿದರು. ಅಲ್ಲಿಂದಾಚೆಗೆ ಅವಳು ಅಲ್ಲಿಲ್ಲ. ಕಣ್ಣು ತೆರೆದೇ ಇದೆ, ರೆಪ್ಪೆ ಆಡುವುದು ಕಡಿಮೆಯಾಗಿದೆ, ಕೈಬೆರಳು ದುಪಟ್ಟಾದ ಅಂಚನ್ನು ಸುತ್ತುತ್ತಾ ನಿಂತುಬಿಟ್ಟಿದೆ. ತನ್ನ ಹೆಸರು ಕೇಳಿದರೂ ಎರಡು ಕ್ಷಣ ಬೇಕು. ಹೊರಗೆ ಬಂದ ಮೇಲೆ ಗೆಳತಿಗೆ ಹೇಳುವುದು ಒಂದೇ ಮಾತು, "ಬ್ಲ್ಯಾಂಕ್ ಆಗೋಯ್ತು ಕಣೇ." ಪರೀಕ್ಷಕರು ಬರೆದುಕೊಳ್ಳುವುದು, ತಯಾರಿ ಸಾಲದು. ಅದು ತಯಾರಿಯ ಕೊರತೆಯಲ್ಲ. ಗಂಡಸಿನ ದನಿ ಏರಿ, ಕೈ ಮರದ ಮೇಲೆ ಬಡಿದಾಗ ಆರೇಳು ವರ್ಷದ ಮಗು ಕಲಿತ ಪಾಠ ಎಚ್ಚರಗೊಂಡಿದೆ. ಓಡಲಾಗದು, ಎದುರಾಡಲಾಗದು, ಮೈಯನ್ನು ಅಲ್ಲೇ ಬಿಟ್ಟು ಮನಸ್ಸು ಹೊರಟುಹೋಗಬೇಕು. ಮನಃಶಾಸ್ತ್ರ ಇದನ್ನು ವಿಘಟನೆ ಎನ್ನುತ್ತದೆ. ತರಗತಿಯಲ್ಲಿ ಕಿಟಕಿಯಾಚೆ ನೋಡುತ್ತಾ ಕೂತ ಎಲ್ಲರಿಗೂ ಹೀಗೆಯೇ ಆಗಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಮೇಜು ಕುಟ್ಟುವ ಮುನ್ನ ಇಂಥದೊಂದು ಸಾಧ್ಯತೆ ಇದೆ ಎಂಬುದು ಕುಟ್ಟುವ ಕೈಗೆ ಗೊತ್ತಿರಬೇಕು.

ಇನ್ನೊಂದು ಮಾತನ್ನು ಹುಡುಗರ ಬಾಯಲ್ಲಿ ಬಹಳ ಕೇಳುತ್ತೇನೆ. "ಅಪ್ಪ ಹೊಡೆದಿದ್ದಕ್ಕೇ ಸರ್ ನಾನು ಉದ್ಧಾರ ಆಗಿದ್ದು." ದಂಡಂ ದಶಗುಣಂ ಎಂದು ನಮ್ಮ ಊರುಗಳಲ್ಲಿ ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದೇವಲ್ಲ, ಆ ಗಾದೆ ಇಂಥ ಹುಡುಗನಿಗೆ ಸಿದ್ಧ ಸಮರ್ಥನೆ ಒದಗಿಸುತ್ತದೆ. ತನಗಾದ ಅನ್ಯಾಯವನ್ನು ಅನ್ಯಾಯವೆಂದು ಒಪ್ಪಿಕೊಂಡರೆ ಹೊಟ್ಟೆಯೊಳಗಿನ ಸಿಟ್ಟನ್ನು ಎಲ್ಲಿಡಬೇಕೋ ತಿಳಿಯದು. ಆದ್ದರಿಂದ ಏಟನ್ನೇ ಉಪಕಾರ ಮಾಡಿಕೊಂಡ. ಎರಡು ವರ್ಷ ಕಳೆದು ಸೀನಿಯರ್ ಆದಾಗ, ಹೊಸದಾಗಿ ಬಂದ ಹುಡುಗನನ್ನು ರಾತ್ರಿ ಹನ್ನೊಂದಕ್ಕೆ ಎಬ್ಬಿಸಿ ಗೋಡೆಗೆ ನಿಲ್ಲಿಸುವವರಲ್ಲಿ ಇವನೂ ಇರುತ್ತಾನೆ. ವಿಯೆನ್ನಾದ ಆ ಶಾಲಾಹುಡುಗ ಮುಖದಲ್ಲಿ ಮಾತ್ರ ಮೇಷ್ಟ್ರಾಗಿದ್ದ, ಇವನು ಕೈಯಲ್ಲೂ ಅಪ್ಪನಾಗುತ್ತಾನೆ. ರ್‍ಯಾಗಿಂಗ್ ಮಾಡಿದವನಿಗೆ ಶಿಕ್ಷೆಯಾಗಲೇಬೇಕು, ಅದರಲ್ಲಿ ರಾಜಿಯಿಲ್ಲ. ಶಿಕ್ಷೆಯ ಆಚೆಗೆ, ಇವನಿಗೆ ಇದನ್ನು ಕಲಿಸಿದವರು ಯಾರು ಎಂದು ಒಂದು ಸಲ ಕೂರಿಸಿಕೊಂಡು ಕೇಳುವ ಕೆಲಸವೂ ಉಳಿದಿರುತ್ತದೆ. ಅದನ್ನು ನಾವು ಮಾಡುವುದಿಲ್ಲ.

ಈಗ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ವಿದ್ಯಾರ್ಥಿನಿಯ ವಿಷಯಕ್ಕೆ ಬರುತ್ತೇನೆ. ಅವಳ ಬಗ್ಗೆ ಯಾವ ದೂರೂ ಇಲ್ಲ. ಎನ್ಎಸ್ಎಸ್ ಶಿಬಿರದಲ್ಲಿ ಬೆಳಗ್ಗೆ ಐದಕ್ಕೆ ಎದ್ದು ಎಲ್ಲರಿಗೂ ಕಾಫಿ ಕಾಯಿಸುವವಳು ಅವಳೇ. ರಕ್ತದಾನ ಶಿಬಿರದ ಪಟ್ಟಿ ಅವಳ ಕೈಯಲ್ಲಿ. ಯಾರಿಗೋ ಜ್ವರ ಬಂದರೆ ರಾತ್ರಿಯಿಡೀ ಒದ್ದೆ ಬಟ್ಟೆ ಹಾಕುವವಳು, ಗೆಳತಿಯರ ಪ್ರೇಮಭಂಗಕ್ಕೆಲ್ಲ ಹೆಗಲು ಕೊಡುವವಳು. ಸಮಾರಂಭದಲ್ಲಿ ಅವಳಿಗೆ ಶಾಲು ಹೊದಿಸಿ ಫೋಟೊ ತೆಗೆಸಿಕೊಂಡಿದ್ದೇವೆ. ಅವಳು ಒಂಬತ್ತನೇ ವಯಸ್ಸಿನಲ್ಲಿ, ಅಮ್ಮ ಹಾಸಿಗೆ ಬಿಟ್ಟು ಏಳದ ದಿನಗಳಲ್ಲಿ, ಇಬ್ಬರು ತಮ್ಮಂದಿರಿಗೆ ಗಂಜಿ ಕಾಯಿಸಿ, ತಲೆ ಬಾಚಿ, ಶಾಲೆಗೆ ಕಳಿಸುತ್ತಿದ್ದಳು. ತನಗೇನು ಬೇಕು ಎಂದು ಕೇಳಿಕೊಳ್ಳುವುದನ್ನು ಅಲ್ಲಿಯೇ ನಿಲ್ಲಿಸಿದಳು. ಈಗ ಯಾರಾದರೂ ನಿನಗೆ ಹೇಗಿದೆ ಅಂದರೆ "ನಂಗೇನಾಗಿದೆ, ಚೆನ್ನಾಗೇ ಇದೀನಿ" ಎಂದು ತಕ್ಷಣ ಮಾತು ತಿರುಗಿಸುತ್ತಾಳೆ.

ಅಮೆರಿಕದ ಮನೋವೈದ್ಯ ಜಾರ್ಜ್ ವೇಲಂಟ್ ರಕ್ಷಣಾ ತಂತ್ರಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದವರು. ಹಾರ್ವರ್ಡ್‌ನಲ್ಲಿ 1938ರಲ್ಲಿ ಶುರುವಾದ ಒಂದು ಅಧ್ಯಯನ 268 ಕಾಲೇಜು ವಿದ್ಯಾರ್ಥಿಗಳನ್ನು ಆರಿಸಿಕೊಂಡು ಅವರ ಜೀವಮಾನವಿಡೀ ಹಿಂಬಾಲಿಸಿತು. ಅದರ ಆಧಾರದ ಮೇಲೆ ವೇಲಂಟ್ 1977ರಲ್ಲಿ ಒಂದು ಪುಸ್ತಕ ಬರೆದರು. ಕೆಳಗಿನ ಮೆಟ್ಟಿಲಲ್ಲಿ ವಾಸ್ತವವನ್ನೇ ಅಲ್ಲಗಳೆಯುವ ತಂತ್ರಗಳು, ಮೇಲಿನ ಮೆಟ್ಟಿಲಲ್ಲಿ ಪರೋಪಕಾರ, ಹಾಸ್ಯ, ನೋವನ್ನು ಕಲೆಗೋ ಕೆಲಸಕ್ಕೋ ತಿರುಗಿಸುವ ಉದಾತ್ತೀಕರಣ. ವಯಸ್ಸಾಗುತ್ತಾ ಅನೇಕರು ಕೆಳಗಿನಿಂದ ಮೇಲಕ್ಕೆ ಹತ್ತುತ್ತಾರೆ ಎಂಬುದು ಅವರ ಮುಖ್ಯ ಕಾಣ್ಕೆ. ನನಗೆ ಅದು ಬಹಳ ಧೈರ್ಯ ಕೊಡುವ ಮಾತು. ಹದಿನೆಂಟಕ್ಕೆ ಹೇಗಿದ್ದಾರೋ ಅದೇ ಕೊನೆಯಲ್ಲ ಎಂದಾಯಿತು. ಆದರೆ ಅಲ್ಲಿದ್ದವರೆಲ್ಲ ಗಂಡಸರು, ಹಾರ್ವರ್ಡ್ ಸೇರುವಷ್ಟು ಅನುಕೂಲ ಇದ್ದವರು. ನಮ್ಮ ಹೆಣ್ಣುಮಕ್ಕಳ ಪರೋಪಕಾರವನ್ನು ಆ ಮೆಟ್ಟಿಲಿನ ಮೇಲಿಟ್ಟು ಪಕ್ವತೆ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಬೇಡ ಎನ್ನುವ ಸ್ವಾತಂತ್ರ್ಯ ಇದ್ದೂ ಮಾಡಿದರೆ ಅದು ಪಕ್ವತೆ. ಬೇಡ ಅಂದರೆ ಮನೆಯೇ ಬಿದ್ದುಹೋಗುತ್ತದೆ ಎಂಬ ಒಂಬತ್ತು ವರ್ಷದ ಭಯದಲ್ಲಿ ಮಾಡುತ್ತಿದ್ದರೆ, ಶಾಲು ಹೊದಿಸಿ ನಾವು ಆ ಭಯಕ್ಕೇ ಸನ್ಮಾನ ಮಾಡುತ್ತಿದ್ದೇವೆ.

ಹಾಸ್ಯದ ಮಾತೂ ಹೀಗೆಯೇ. 1942ರಲ್ಲಿ ಕೊರವಂಜಿ ಪತ್ರಿಕೆ ಹೊರತಂದು ಕನ್ನಡಿಗರನ್ನು ನಗಿಸಿದ ರಾಶಿ, ಅಂದರೆ ಡಾಕ್ಟರ್ ಎಂ. ಶಿವರಾಂ, ಮನಸ್ಸಿನ ಕಾಯಿಲೆಗಳ ಬಗ್ಗೆಯೂ ಬರೆದರು. ಅವರ ಮನಮಂಥನ ಪುಸ್ತಕಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ನಗೆಗೂ ಮನಸ್ಸಿನ ನೋವಿಗೂ ಇರುವ ನಂಟು ಕನ್ನಡಕ್ಕೆ ಹೊಸದಲ್ಲ ಎಂದು ನೆನಪಿಸಲು ಇದನ್ನು ಹೇಳಿದೆ.   ಊಟದ ಮನೆಯ ನಮ್ಮ ಹುಡುಗನ ನಗು ಅವನನ್ನು ಬದುಕಿಸಿದೆ, ಅದನ್ನು ನಾನು ಗೌರವಿಸುತ್ತೇನೆ. ಅವನು ಅದೇ ಕಥೆಯನ್ನು ಒಬ್ಬನೇ ಒಬ್ಬ ಗೆಳೆಯನ ಮುಂದೆ ನಗಿಸದೆಯೂ ಹೇಳಬಲ್ಲನೇ, ಅದಷ್ಟೇ ನನ್ನ ಪ್ರಶ್ನೆ.

ಉಳಿದ ತಂತ್ರಗಳನ್ನು ಬೇಗ ಹೇಳಿಬಿಡುತ್ತೇನೆ. ಅಪ್ಪನ ಮೇಲಿನ ಸಿಟ್ಟನ್ನು ಮೆಸ್ಸಿನ ಅಡುಗೆಯವನ ಮೇಲೆ ತೀರಿಸುವವರಿದ್ದಾರೆ. ಯಾರೂ ನಂಬಿಕಸ್ಥರಲ್ಲ ಎಂದು ತಮ್ಮೊಳಗಿನ ಭಯವನ್ನು ಎದುರಿನವರಲ್ಲಿ ಕಾಣುವವರಿದ್ದಾರೆ. ಮನಃಶಾಸ್ತ್ರವನ್ನೇ ಐಚ್ಛಿಕ ವಿಷಯ ತೆಗೆದುಕೊಂಡು, ತಮ್ಮ ನೋವಿನ ಬಗ್ಗೆ ಸೆಮಿನಾರ್ ಕೊಡುವಷ್ಟು ಮಾತಾಡಿ ಒಂದು ಹನಿ ಕಣ್ಣೀರೂ ಹಾಕದವರಿದ್ದಾರೆ. ಕೋಣೆಯ ದೀಪ ಆರಿಸಿದರೆ ನಿದ್ದೆ ಬಾರದವರನ್ನು ಅವರ ರೂಂಮೇಟುಗಳು ಬಲ್ಲರು.

ಇಲ್ಲೊಂದು ಎಚ್ಚರಿಕೆ ಅಗತ್ಯ. ರಕ್ಷಣಾ ತಂತ್ರ ಎಲ್ಲರಲ್ಲೂ ಇದೆ. ಅದನ್ನು ಕಂಡ ಕೂಡಲೇ ಹಿಂದೆ ಏನೋ ಘಟನೆ ಇರಲೇಬೇಕು ಎಂದು ಪತ್ತೇದಾರಿಕೆಗೆ ಇಳಿಯಬಾರದು. ನಡೆಯದ ಘಟನೆಯ ನೆನಪನ್ನೂ ಪದೇಪದೇ ಕೇಳಿ ಕೇಳಿ ಮನಸ್ಸಿನಲ್ಲಿ ಮೂಡಿಸಬಹುದು ಎಂದು ಮನಃಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ ಪ್ರಯೋಗಗಳಿಂದ ತೋರಿಸಿದ್ದಾರೆ. ನಿನಗೆ ಚಿಕ್ಕಂದಿನಲ್ಲಿ ಏನೋ ಆಗಿರಬೇಕು, ನೆನಪು ಮಾಡಿಕೋ ಎಂದು ಒತ್ತಾಯಿಸುವವರು, ಗೆಳೆಯರಾಗಲಿ ಮೇಷ್ಟ್ರಾಗಲಿ, ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡುತ್ತಾರೆ.

ಹಾಗಾದರೆ ಮಾಡಬೇಕಾದ್ದೇನು? ಮಲೆನಾಡಿನ ಜಡಿಮಳೆಯಲ್ಲಿ ನೆನೆದ ಮಗು ಕಂಬಳಿಕೊಪ್ಪೆ ಹೊದ್ದೇ ಒಳಗೆ ಬಂದು ಕೂತರೆ ನಾವು ಅದನ್ನು ಕಿತ್ತು ಎಸೆಯುವುದಿಲ್ಲ, ಮೊದಲು ಒಲೆಯ ಹತ್ತಿರ ಜಾಗ ಮಾಡಿಕೊಡುತ್ತೇವೆ. ತಾನೇ ಬಿಚ್ಚುವಷ್ಟು ಬೆಚ್ಚಗಾಗುವ ತನಕ ಕಾಯುವ ತಾಳ್ಮೆ ಕಾಲೇಜಿಗೂ ಬೇಕು. ನೀನು ನಿರಾಕರಣೆಯಲ್ಲಿದ್ದೀಯ ಎಂದು ಮುಖಕ್ಕೆ ಹೇಳುವುದರಿಂದ ಏನೂ ಸಾಧಿಸಿದ ಹಾಗಾಗುವುದಿಲ್ಲ. ದನಿ ತಗ್ಗಿಸುವುದು, ಎಲ್ಲರೆದುರು ಕೇಳದಿರುವುದು, ಕೊಟ್ಟ ಸಮಯಕ್ಕೆ ಸರಿಯಾಗಿ ಸಿಗುವುದು, ನಾಳೆಯೂ ಹಾಗೆಯೇ ಇರುವುದು, ಇವು ದೊಡ್ಡ ಚಿಕಿತ್ಸೆಯಲ್ಲದಿದ್ದರೂ ಚಿಕಿತ್ಸೆಗೆ ದಾರಿ ಮಾಡುತ್ತವೆ.

ಉಪನ್ಯಾಸಕರಿಗೆ ಒಂದು ಕಿವಿಮಾತು. ಯಾರಿಗೂ ಹೇಳುವುದಿಲ್ಲ ಎಂದು ಮೊದಲೇ ಭಾಷೆ ಕೊಡಬೇಡಿ. ಪಿಯುಸಿ ವಿದ್ಯಾರ್ಥಿಗಳು ಹೆಚ್ಚಿನವರು ಹದಿನೆಂಟು ತುಂಬದವರು. ಅಂಥವರ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಕೊಟ್ಟ ಮಾತು ಮುರಿದರೆ ಆ ಮಗುವಿಗೆ ಅದು ಇನ್ನೊಂದು ವಂಚನೆ. ಅದರ ಬದಲು, ನಿನ್ನ ಸುರಕ್ಷತೆಗೆ ಬೇಕಾದವರಿಗೆ ಮಾತ್ರ ಹೇಳುತ್ತೇನೆ, ಹೇಳುವ ಮುಂಚೆ ನಿನಗೆ ತಿಳಿಸುತ್ತೇನೆ ಎಂದು ಹೇಳಿ. ಅಷ್ಟನ್ನು ನಡೆಸಿಕೊಡುವುದು ನಮ್ಮ ಕೈಯಲ್ಲಿದೆ.

ವಿದ್ಯಾರ್ಥಿಗಳೇ, ಯಾರೊಂದಿಗೂ ಮಾತಾಡಲು ಇನ್ನೂ ಮನಸ್ಸಾಗದಿದ್ದರೆ ಬರೆದು ನೋಡಬಹುದು. 1986ರಲ್ಲಿ ಅಮೆರಿಕದ ಸಂಶೋಧಕರಾದ ಜೇಮ್ಸ್ ಪೆನ್ನೆಬೇಕರ್ ಮತ್ತು ಸ್ಯಾಂಡ್ರಾ ಬೀಲ್ ತಮ್ಮ ಕಾಲೇಜಿನ 46 ವಿದ್ಯಾರ್ಥಿಗಳಿಂದ ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ ಬರೆಸಿದರು. ಕೆಲವರು ಬದುಕಿನ ಕಹಿ ಘಟನೆಯ ಬಗ್ಗೆ, ಉಳಿದವರು ಸಾಧಾರಣ ವಿಷಯಗಳ ಬಗ್ಗೆ ಬರೆದರು. ಕಹಿ ಘಟನೆಯನ್ನೂ ಅದರ ಜೊತೆಗಿನ ಭಾವನೆಯನ್ನೂ ಬರೆದವರಿಗೆ ಬರೆದ ಹೊತ್ತಿನಲ್ಲಿ ಮನಸ್ಸು ಇನ್ನಷ್ಟು ಭಾರವಾಯಿತು. ಆದರೆ ಮುಂದಿನ ತಿಂಗಳುಗಳಲ್ಲಿ ಅವರು ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋಗುವುದು ಕಡಿಮೆಯಾಯಿತು. ಬರೆದದ್ದನ್ನು ಯಾರಿಗೂ ತೋರಿಸಬೇಕಿಲ್ಲ, ಕಾಗುಣಿತ ನೋಡಬೇಕಿಲ್ಲ. ಬರೆಯುತ್ತಾ ತಡೆದುಕೊಳ್ಳಲಾಗದಷ್ಟು ತಳಮಳವಾದರೆ ನಿಲ್ಲಿಸಿ, ಆ ದಿನ ಒಬ್ಬರೇ ಇರಬೇಡಿ.

ಬರೆಯುವುದಷ್ಟೇ ಸಾಲದವರೂ ಇದ್ದಾರೆ. 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು ಎನ್ನುತ್ತದೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರು ಇರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ನಿರ್ದೇಶಿಸಿದೆ. ನಿಮ್ಮ ಕಾಲೇಜಿನಲ್ಲಿ ಅಂಥವರು ಇದ್ದಾರೆಯೇ ಎಂದು ಪ್ರಾಂಶುಪಾಲರನ್ನು ಕೇಳಿ. ಪೋಷಕರೂ ಕೇಳಲಿ. ಗಣಿತದ ಅಥವಾ ಇಂಗ್ಲಿಷಿನ ಉಪನ್ಯಾಸಕರಿಗೇ ಆ ಹೊಣೆಯನ್ನು ಹೆಚ್ಚುವರಿಯಾಗಿ ಹೊರಿಸಿದ್ದರೆ ಅದು ಸಾಲದು ಎಂದು ಬರವಣಿಗೆಯಲ್ಲಿ ಕೊಡಿ.

ಆಪ್ತಸಮಾಲೋಚಕರು ಇಲ್ಲದ ಊರಿನಲ್ಲಿರುವವರಿಗೆ ಟೆಲಿ-ಮಾನಸ್ ಇದೆ, 14416. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಸೇವೆ, ದಿನದ ಇಪ್ಪತ್ನಾಲ್ಕು ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹದಿನೆಂಟರೊಳಗಿನವರಿಗೆ ಮಕ್ಕಳ ಸಹಾಯವಾಣಿ 1098 ಕೂಡ ಇದೆ. ಕರೆ ಮಾಡಿ ಏನು ಹೇಳಬೇಕು ಎಂದು ಬಹಳ ಜನ ನನ್ನನ್ನು ಕೇಳಿದ್ದಾರೆ. ನಡೆದದ್ದನ್ನೆಲ್ಲ ಮೊದಲ ದಿನವೇ ಹೇಳಬೇಕಾಗಿಲ್ಲ. ನಿದ್ದೆ ಬರುತ್ತಿಲ್ಲ ಎಂದು ಶುರು ಮಾಡಬಹುದು, ಓದಲು ಕೂತರೆ ಬ್ಲ್ಯಾಂಕ್ ಆಗುತ್ತದೆ ಎನ್ನಬಹುದು. ಹೇಗೆ ಹೇಳಬೇಕೋ ಗೊತ್ತಾಗುತ್ತಿಲ್ಲ ಎಂದರೂ ಸಾಕು, ಅಲ್ಲಿಂದ ಮುಂದಕ್ಕೆ ನಿಧಾನವಾಗಿ ಕೇಳಿ ತಿಳಿದುಕೊಳ್ಳುವುದು ಆ ಕಡೆ ಕೂತವರ ಕೆಲಸ.